ಸಣ್ಣ ಊರಿನ ಪತ್ತೇದಾರಿ ಕಾದಂಬರಿ

ಎಲ್ಲರಿಗೂ ಎಲ್ಲರ ಗುರುತಿರುವ ಊರು. ಅಲ್ಲೊಂದು ಸಾವೋ ಕಳವೋ ಆಗುತ್ತದೆ. ಪೊಲೀಸರು ಒಂದು ದಿಕ್ಕು ಹಿಡಿದರೆ, ಶಾಲೆಯ ಮೇಷ್ಟರೋ ಕಿರಾಣಿ ಅಂಗಡಿಯವರೋ ಇನ್ನೊಂದು ದಿಕ್ಕಿನಿಂದ ಗುಟ್ಟು ಬಿಡಿಸುತ್ತಾರೆ. ಇಂಗ್ಲಿಷಿನಲ್ಲಿ ‘ಕೋಜಿ ಮಿಸ್ಟರಿ’ ಎನ್ನುವ ಈ ಬಗೆಯಲ್ಲಿ ರಕ್ತಪಾತ ಕಡಿಮೆ, ಊರಿನ ಮಾತು ಹೆಚ್ಚು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಇದರ ದೊಡ್ಡ ಮಾದರಿ. 1927ರ ಸಣ್ಣಕಥೆಯೊಂದರಲ್ಲಿ ಹುಟ್ಟಿ 1930ರಲ್ಲಿ ಕಾದಂಬರಿಗೆ ಬಂದ ಈ ಮುದುಕಿಯ ಉಪಾಯ ಸರಳ: ಯಾರದೇ ನಡತೆಯನ್ನು ತನ್ನೂರಿನ ಇನ್ಯಾರದೋ ನಡತೆಯೊಂದಿಗೆ ತಾಳೆ ಹಾಕಿ ನೋಡುವುದು.

ಕನ್ನಡದ ದಾರಿ

ನಮ್ಮ ಜನಪ್ರಿಯ ಲೇಖಕರು ಹಿಡಿದದ್ದು ವೃತ್ತಿನಿರತ ಪತ್ತೇದಾರನ ಬೆನ್ನು. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯ ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲಾಗಿ ನೂರಾರು ಕಾದಂಬರಿ ಬರೆದರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ವಿಮರ್ಶಕರು ಇವರನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ಕನ್ನಡದ ಓದು ಹಚ್ಚಿದ ಪುಣ್ಯದಲ್ಲಿ ಮಾತ್ರ ಇವರ ಪಾಲು ದೊಡ್ಡದು.

ಏಲಕ್ಕಿಯ ಜಾಡು

ಸಣ್ಣ ಊರನ್ನೇ ರಹಸ್ಯದ ನಡುಮನೆಯಾಗಿಸಿದವರು ಪೂರ್ಣಚಂದ್ರ ತೇಜಸ್ವಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಮಲೆನಾಡಿನ ಕೆಸರೂರಿನ ಏಲಕ್ಕಿ ಬೆಳೆ ಕುಸಿದಿದೆ, ವಿಜ್ಞಾನಿ ಜೋಗಿಹಾಳರ ಸಾವಿನ ಬಗ್ಗೆ ಅನುಮಾನವಿದೆ. ತನಿಖೆಗೆ ಬಂದ ಅಂಗಡಿ ಎಂಬ ಅಧಿಕಾರಿಗೆ ಊರಿನ ಜಾತಿ, ಪ್ರೇಮ, ವದಂತಿಗಳೆಲ್ಲ ಕಾಲಿಗೆ ತೊಡರುತ್ತವೆ. ‘ಜುಗಾರಿ ಕ್ರಾಸ್’ನಲ್ಲಂತೂ ಒಗಟಿನೊಳಗೆ ಸಿಕ್ಕಿಬೀಳುವವರು ಏಲಕ್ಕಿ ಮಾರಲು ಹೊರಟ ಬೆಳೆಗಾರ ದಂಪತಿ ಸುರೇಶ, ಗೌರಿ. ಮಿಸ್ ಮಾರ್ಪಲ್‌ಳ ಹಳ್ಳಿಯಲ್ಲಿ ಕೊಲೆಗಾರ ಸಿಕ್ಕೊಡನೆ ಊರು ಮೊದಲಿನಂತಾಗುತ್ತದೆ; ತೇಜಸ್ವಿಯವರಲ್ಲಿ ಆ ಸಮಾಧಾನ ಸಿಗುವುದಿಲ್ಲ. ನನಗೆ ಇದೇ ಹೆಚ್ಚು ನಿಜವೆನಿಸುತ್ತದೆ.

ಹಾವೇರಿ ಸೀಮೆ

ಮಲೆನಾಡಿನ ಆ ಏಲಕ್ಕಿಯ ವ್ಯಾಪಾರದಿಂದಲೇ ಹಾವೇರಿ ‘ಏಲಕ್ಕಿ ಕಂಪಿನ ನಾಡು’ ಎನಿಸಿಕೊಂಡಿತು. ಏಲಕ್ಕಿ ಹಾರ ಇಂದಿಗೂ ಇಲ್ಲಿನ ಗುರುತು. ಕಾದಂಬರಿಯ ಹುಚ್ಚೂ ಈ ಸೀಮೆಗೆ ಹೊಸದಲ್ಲ. ಕಾದಂಬರಿಕಾರ ಗಳಗನಾಥರು (1869–1942) ಹತ್ತಿರದ ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಓದುಗರನ್ನು ಬೆಳೆಸಿದರು, ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಅವರದು ಐತಿಹಾಸಿಕ ಕಥೆಗಳಾದರೂ, ಮುಂದೇನಾಯಿತೆಂಬ ಕುತೂಹಲ ಕೆರಳಿಸುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬ್ಯಾಡಗಿ, ರಾಣೆಬೆನ್ನೂರು

ಪತ್ತೇದಾರಿಗೆ ಬೇಕಾದ ಸಾಮಗ್ರಿ ಹಾವೇರಿ ಸೀಮೆಯ ಈ ಎರಡು ಪೇಟೆಗಳಲ್ಲಿ ಹೇರಳ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ನಿರಿಗೆಗಟ್ಟಿದ್ದು. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಬೇರೆ ಸೀಮೆಯ ನುಣುಪು ಕಾಯಿ ಚೀಲದೊಳಗೆ ಬೆರೆತರೆ, ಕಾಗದಪತ್ರ ನೋಡುವ ಅಧಿಕಾರಿಗಿಂತ ಮೊದಲು ಅದನ್ನು ಗುರುತಿಸುವವಳು ದಿನವಿಡೀ ಕಾಯಿಯ ತುಂಬು (ತೊಟ್ಟು) ಬಿಡಿಸುವ ಹೆಣ್ಣುಮಗಳು. ಕಥೆಗಾರರಿಗೆ ಅವಳಿಗಿಂತ ಒಳ್ಳೆಯ ಪತ್ತೇದಾರಳು ಬೇಕೆ? ರಾಣೆಬೆನ್ನೂರಿನದು ಬೀಜೋತ್ಪಾದನೆಯ ಕಸುಬು. ಹೂವಿಗೆ ಹೂವಿನ ಪರಾಗ ಕೈಯಿಂದಲೇ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ತಂದೆ, ತಾಯಿ ತಳಿಗಳು ಕಂಪನಿಯ ಗುಟ್ಟು; ಆ ಗುಟ್ಟು ಬಿತ್ತಿರುವುದು ಮಾತ್ರ ಬೇಲಿಯಿಲ್ಲದ ಹೊಲದಲ್ಲಿ.