ಸಿಂಹಮುಖಿಯ ಪ್ರತಿಕೃತಿ

ಈಜಿಪ್ಟಿಗೆ ಹೋಗಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೇಣುದ್ದದ ಕರಿಯ ಕಲ್ಲಿನ ಮೂರ್ತಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಹೆಣ್ಣಿನ ಮೈ, ಸಿಂಹಿಣಿಯ ಮುಖ, ತಲೆಯ ಮೇಲೆ ಸೂರ್ಯಬಿಂಬ. ಲಕ್ಸರಿನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಯ ಶಿಲ್ಪಿಯೊಬ್ಬ ಉಳಿ, ಅರ ಹಿಡಿದು ಕಡೆದುದಂತೆ. “ಹಾಗಾದರೆ ನಕಲು ಅನ್ನು!” ಎಂದುಬಿಟ್ಟೆ. ಹುಡುಗನ ಮುಖ ಸಣ್ಣದಾಯಿತು. ಆ ಮಾತು ಅಂದಿನಿಂದ ನನ್ನನ್ನೇ ಕುಟುಕುತ್ತಿದೆ. ಅದು ಬರಿಯ ಒರಟು ಮಾತಲ್ಲ, ತಿಳಿಗೇಡಿ ಮಾತು.

ಆಕೆ ಸೆಖ್ಮೆತ್. ಹೆಸರಿನ ಅರ್ಥವೇ ‘ಬಲಶಾಲಿನಿ’. ಸೂರ್ಯದೇವನಾದ ರಾ ಮುದುಕನಾದಾಗ ಮನುಷ್ಯರು ಅವನ ಮೇಲೆ ಒಳಸಂಚು ಹೂಡಿದರು. ಅವನು ದೇವತೆಗಳೊಡನೆ ಆಲೋಚಿಸಿ ತನ್ನ ಕಣ್ಣನ್ನೇ ಹಾಥೋರ್ ದೇವಿಯ ರೂಪದಲ್ಲಿ ಕಳುಹಿದ. ಮರುಭೂಮಿಯಲ್ಲಿ ಕೊಲೆಗೆ ತೊಡಗಿದ ಆಕೆ ಸೆಖ್ಮೆತ್ ಆದಳು. ಕೊಲ್ಲುವುದು ಅವಳ ಮನಸ್ಸಿಗೆ ಹಿತವಾಯಿತು. ಕಳುಹಿದವನಿಗೇ ಈಗ ದಿಗಿಲು. ಬಾರ್ಲಿಯ ಮದ್ಯಕ್ಕೆ ಕೆಮ್ಮಣ್ಣು ಕಲಸಿ, 7000 ಕೊಡಗಳಷ್ಟನ್ನು ಇರುಳಿನಲ್ಲೇ ಹೊಲಗಳಲ್ಲಿ ಹರಿಸಿದರು. ಬೆಳಗ್ಗೆ ಬಂದ ದೇವಿ ಆ ಕೆಂಪಿನಲ್ಲಿ ತನ್ನ ಮುಖದ ಚೆಲುವನ್ನು ಕಂಡಳು, ಕುಡಿದಳು. ಅಮಲೇರಿ ಮನುಷ್ಯರ ಗುರುತೇ ಹತ್ತದೆ ಹಿಂತಿರುಗಿದಳು. ಲೋಕ ಉಳಿದದ್ದು ಹೀಗೆ! ಈ ಕಥೆಯ ಪಾಠ ತುತಂಖಾಮನ್ನನ ಸಮಾಧಿಯ ಚಿನ್ನದ ಮಂಟಪದಲ್ಲಿದೆ, ಒಂದನೆಯ ಸೇತಿಯ ಸಮಾಧಿಯಲ್ಲಿಯೂ ಇದೆ. ವ್ಯಾಧಿಯನ್ನು ಕಳುಹುವವಳೂ ಅವಳೇ, ನೀಗುವವಳೂ ಅವಳೇ. ಅವಳ ಅರ್ಚಕರಲ್ಲಿ ವೈದ್ಯ ಬಲ್ಲವರಿದ್ದರು.

ಇನ್ನು ನಕಲಿನ ಮಾತು. ಕ್ರಿ.ಪೂ. 14ನೆಯ ಶತಮಾನದಲ್ಲಿ ಆಳಿದ ಮೂರನೆಯ ಅಮೆನ್‌ಹೊತೆಪ್ ಈ ದೇವಿಯ ಒಂದಲ್ಲ ಎರಡಲ್ಲ, ನೂರಾರು ಶಿಲೆಗಳನ್ನು ಮಾಡಿಸಿದ. ಏಳುನೂರಕ್ಕೂ ಮಿಕ್ಕಿದ್ದವೆಂಬುದು ವಿದ್ವಾಂಸರ ಅಂದಾಜು. ಕೆಲವು ಕುಳಿತವು, ಕೆಲವು ನಿಂತವು. ವರ್ಷದ ಒಂದೊಂದು ದಿನಕ್ಕೆ ಒಂದೊಂದು ಜೋಡಿಯಂತೆ ಎಂದು ಕೆಲವರ ಊಹೆ. ಕಾಯಿಲೆ ಬಿದ್ದ ದೊರೆಯ ಹರಕೆ ಎಂದು ಇನ್ನು ಕೆಲವರದು. ನನಗೆ ಎರಡನೆಯದೇ ಮನಸ್ಸಿಗೆ ಹತ್ತಿರ. ಈಗ ಅವು ಲಂಡನ್, ಪ್ಯಾರಿಸ್, ಟ್ಯೂರಿನ್‌ಗಳ ವಸ್ತುಸಂಗ್ರಹಾಲಯಗಳಲ್ಲಿ ಚದರಿಹೋಗಿವೆ. ಇವುಗಳಲ್ಲಿ ಮೂಲ ಯಾವುದು, ನಕಲು ಯಾವುದು? ಆ ಜನ ಹೀಗೆ ಕೇಳಿದಂತೆಯೇ ತೋರದು. ಅವರಿಗೆ ಮುಖ್ಯವಾದದ್ದು ‘ಬಾಯಿ ತೆರೆಸುವ’ ವಿಧಿ. ನಮ್ಮವರು ಇದನ್ನು ಕೇಳಿದೊಡನೆ ಪ್ರಾಣಪ್ರತಿಷ್ಠೆ ಎಂದಾರು. ಅರ್ಚಕನು ಮೂರ್ತಿಯ ಬಾಯಿಗೆ ಸೋಕಿಸುತ್ತಿದ್ದ ಉಪಕರಣಗಳಲ್ಲಿ ಬಾಚಿಯೂ ಒಂದು! ಕುಶಲಕರ್ಮಿಯ ಕೈಯ ಆ ಬಾಚಿಯೇ ಕಲ್ಲಿಗೆ ಉಸಿರು ಕೊಡುತ್ತಿತ್ತು.

ಹಾಗೆಂದು ಎಲ್ಲ ಪ್ರತಿಕೃತಿಗಳೂ ಸಾಚಾ ಎನ್ನುವುದಿಲ್ಲ. ಹೊಸದನ್ನು ಹಳೆಯದೆಂದು ನಂಬಿಸಿ ಪ್ರವಾಸಿಗಳಿಗೆ ಮಾರುವ ಚತುರರು ಲಕ್ಸರಿನಲ್ಲಿ ಬಹುಕಾಲದಿಂದ ಇದ್ದಾರೆ. ಅಲ್ಲಿ ತಪ್ಪು ಮಾತಿನದು, ಉಳಿಯದಲ್ಲ. 1983ರ 117ನೆಯ ಕಾನೂನಿನ ಮೇಲೆ ಹಳೆಯ ವಿಗ್ರಹಗಳನ್ನು ಈಜಿಪ್ಟಿನಿಂದ ಹೊರಗೆ ಕೊಂಡೊಯ್ಯುವ ವ್ಯಾಪಾರವೇ ನಿಷಿದ್ಧ. ನನ್ನ ಶಿಷ್ಯ ಅಸಲನ್ನು ತಂದಿದ್ದರೆ ಕಳ್ಳಮಾಲು ತಂದಂತಾಗುತ್ತಿತ್ತು. ನಕಲು ತಂದುದೇ ನೇರವಾದ ನಡತೆ.

ಮೊನ್ನೆ ಅವನಿಗೆ ಫೋನು ಮಾಡಿದೆ. ಮೂರ್ತಿ ನನ್ನ ಪುಸ್ತಕದ ಬೀರುವಿನ ಮೇಲಿದೆ ಎಂದಾಗ ಅವನಿಗೆ ಹಿಗ್ಗಾಯಿತು. “ಕಡೆದವನ ಹೆಸರೇನಪ್ಪ?” ಎಂದೆ. “ಕೇಳಲೇ ಇಲ್ಲ, ಸಾರ್” ಎಂದ. ಅಮೆನ್‌ಹೊತೆಪನ ಆ ಶಿಲೆಗಳ ಮೇಲೂ ಬರೆದಿರುವುದು ದೊರೆಯ ಹೆಸರು, ದೇವಿಯ ಹೆಸರು, ಕಡೆದವನದಿಲ್ಲ.