ರಾಣಿಯ ಅಂಗೈಯ ಹಂದಿ

ಚೀನಾದಲ್ಲಿ ಹಾನ್‌ಚೆಂಗ್ ನಗರದ ಬಳಿಯ ಲಿಯಾಂಗ್‌ದೈ ಗ್ರಾಮದಲ್ಲಿ 2005ರಲ್ಲಿ ಆರಂಭವಾದ ಉತ್ಖನನ, ರುಯಿ ರಾಜ್ಯದ ದೊರೆಯ ಪತ್ನಿ ಝೋಂಗ್ ಜಿಯಾಂಗಳ ಸಮಾಧಿಯನ್ನು ತೆರೆದು ತೋರಿತು. ಆಕೆಯ ಹೆಸರನ್ನು ಕಾಯ್ದಿಟ್ಟದ್ದು ಕಂಚಿನ ಪಾತ್ರೆಗಳ ಬರಹ.

ಅಲ್ಲಿ, ಹಂದಿಯ ಮೋರೆ, ಸುರುಳಿ ಸುತ್ತಿದ ಮೈಯುಳ್ಳ ಪುಟ್ಟ ಜೇಡ್ ಪ್ರಾಣಿಯೊಂದಿತ್ತು. ರಾಣಿಯ ಕಾಲ ಸುಮಾರು 2700 ವರ್ಷಗಳ ಹಿಂದಿನದು. ಈ ಪ್ರಾಣಿಯಾದರೋ ದೂರದ ಈಶಾನ್ಯ ಸೀಮೆಯ ಹೊಂಗ್‌ಶಾನ್ ಜನರು ಮರಳಿನಿಂದ ತಿಕ್ಕಿ ತಿಕ್ಕಿ ರೂಪಿಸಿದ್ದು; ಆಕೆಯ ಕೈ ಸೇರುವಾಗಲೇ ಅದಕ್ಕೆ ಎರಡು ಸಾವಿರ ವರ್ಷ ಮೀರಿತ್ತು. ನಡುವೆ ಅದನ್ನು ಹಿಡಿದ ಕೈಗಳಿಗೆ ಹೆಸರಿಲ್ಲ.

ಅಜ್ಜಿಯ ಒಡವೆ ಕೈಗೆ ಬಂದೊಡನೆ ನಾವು 'ನನ್ನದು' ಎನ್ನುತ್ತೇವೆ. ರಾಣಿಯೂ ಹಾಗೆಂದೇ ಅದನ್ನು ಮಣ್ಣಿಗೆ ಒಯ್ದಿರಬೇಕು. ಮಣ್ಣೂ ಅದನ್ನು ಹಿಂದಿರುಗಿಸಿತು. ಒಡೆತನವೆಂದರೆ ಕೆಲಕಾಲದ ಕಾವಲು ಮಾತ್ರವೆಂದು ನನಗೆ ತೋರುತ್ತದೆ.