ಹುಡುಕಾಟ ಬೇರೆ ಮನೆ ಮಾಡಿದ ಕಾಲ

ನಾನು ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಹುಡುಕಾಟಕ್ಕೆಂದೇ ಪ್ರತ್ಯೇಕ ಯಂತ್ರ ಇಡುವ ರೂಢಿ ನಮ್ಮಲ್ಲಿರಲಿಲ್ಲ. ಗ್ರಾಹಕ ಏನು ಟೈಪ್ ಮಾಡಿದರೂ ಪ್ರಶ್ನೆ ನೇರ ಡೇಟಾಬೇಸಿಗೇ ಹೋಗುತ್ತಿತ್ತು. ಪದ ವಾಕ್ಯದ ನಡುವೆ ಎಲ್ಲಿದ್ದರೂ ಹಿಡಿದುಕೊಡು ಎಂದರೆ ಅದು ಇಡೀ ಕೋಷ್ಟಕವನ್ನು ಸಾಲುಸಾಲಾಗಿ ಓದಬೇಕು. ಅಷ್ಟು ಹೊತ್ತು ಆರ್ಡರ್ ಬರೆದುಕೊಳ್ಳುವ ಕೆಲಸವೂ ಕುಂಟುತ್ತಿತ್ತು.

ಇದಕ್ಕೆ ಮದ್ದು ಆಗಲೇ ಇತ್ತು. ಡಗ್ ಕಟಿಂಗ್ 1999ರಲ್ಲಿ ಜಾವಾದಲ್ಲಿ ಬರೆದ ಲೂಸೀನ್ 2001ರಲ್ಲಿ ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂದಿತ್ತು. ಯಾವ ಪದ ಯಾವ ಯಾವ ದಾಖಲೆಯಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುವ ಇಂಡೆಕ್ಸ್ ಅದರ ಜೀವಾಳ. ಆದರೆ ಲೂಸೀನ್ ಬರೀ ಲೈಬ್ರರಿ. ಜಾವಾ ಪ್ರೋಗ್ರಾಮಿನ ಹೊಟ್ಟೆಯೊಳಗೇ ಬದುಕಬೇಕು. ಪಿಎಚ್‌ಪಿಯಲ್ಲಿ ಬರೆಯುವವರಿಗೆ ಅದು ಕೈಗೆಟುಕದ ವಸ್ತುವಾಗಿತ್ತು.

ಆ ಗೋಡೆ ಒಡೆದದ್ದು ಸೋಲರ್. ಅಮೆರಿಕದ ಸಿನೆಟ್ ಕಂಪನಿಯಲ್ಲಿ ಯೋನಿಕ್ ಸೀಲಿ 2004ರಲ್ಲಿ ಇದನ್ನು ಶುರುಮಾಡಿದರು. 2006ರ ಜನವರಿಯಲ್ಲಿ ಕಂಪನಿ ಅದನ್ನು ಅಪಾಚೆಗೆ ಒಪ್ಪಿಸಿತು. ಲೂಸೀನಿನ ಸುತ್ತ ಒಂದು ಸರ್ವರ್ ಕಟ್ಟಿ, ಮಾತುಕತೆಯನ್ನು ಎಚ್‌ಟಿಟಿಪಿಗೆ ತಂದರು. ಎಕ್ಸ್‌ಎಂಎಲ್‌ನಲ್ಲಿ ದಾಖಲೆ ಕಳಿಸು, ಯುಆರ್‌ಎಲ್‌ನಲ್ಲಿ ಪ್ರಶ್ನೆ ಕೇಳು. ಹುಡುಕಾಟ ಹೀಗೆ ಬೇರೆ ಮನೆ ಮಾಡಿತು.

ಬೇರೆ ಮನೆ ಎಂದರೆ ಬೇರೆ ಜವಾಬ್ದಾರಿ. ಆರಂಭದ ಸೋಲರ್‌ನಲ್ಲಿ ನನಗೆ ಇಂದಿಗೂ ಅತ್ಯಂತ ಸುಂದರವಾಗಿ ಕಾಣುವುದು ಅದರ ನಕಲು ವ್ಯವಸ್ಥೆ. ಬರೆಯುವ ಯಂತ್ರ ಒಂದು, ಪ್ರಶ್ನೆಗೆ ಉತ್ತರಿಸುವ ಯಂತ್ರಗಳು ಹಲವು. ನಡುವೆ ಓಡಾಡುತ್ತಿದ್ದದ್ದು ಮೂರು ಪುಟ್ಟ ಶೆಲ್ ಸ್ಕ್ರಿಪ್ಟುಗಳು: ಸ್ನ್ಯಾಪ್‌ಶೂಟರ್, ಸ್ನ್ಯಾಪ್‌ಪುಲ್ಲರ್, ಸ್ನ್ಯಾಪ್‌ಇನ್‌ಸ್ಟಾಲರ್. ಲೂಸೀನ್ ಒಮ್ಮೆ ಬರೆದ ಸೆಗ್ಮೆಂಟ್ ಕಡತವನ್ನು ಮತ್ತೆ ತಿದ್ದುವುದಿಲ್ಲ. ಹೊಸದು ಬಂದರೆ ಹೊಸ ಕಡತ. ಆದ್ದರಿಂದ ಮೊದಲನೆಯ ಸ್ಕ್ರಿಪ್ಟ್ ಇಡೀ ಇಂಡೆಕ್ಸಿಗೆ ಹಾರ್ಡ್ ಲಿಂಕ್ ಹಾಕಿದರೆ ಸಾಕು, ಡಿಸ್ಕ್ ತುಂಬದೆ ಆ ಕ್ಷಣದ ಪ್ರತಿ ಸಿದ್ಧ. ಎರಡನೆಯದು ಆರ್‌ಸಿಂಕ್ ಬಳಸಿ ಹೊಸ ಕಡತಗಳನ್ನಷ್ಟೇ ಎಳೆದುಕೊಳ್ಳುತ್ತಿತ್ತು. ಮೂರನೆಯದು ಅವನ್ನು ಜಾಗಕ್ಕೆ ಕೂರಿಸಿ ಸೋಲರ್‌ಗೆ ಸುದ್ದಿ ಮುಟ್ಟಿಸುತ್ತಿತ್ತು. ಸೋಲರ್ ತಕ್ಷಣ ಬದಲಾಗುತ್ತಿರಲಿಲ್ಲ. ಹೊಸ ಇಂಡೆಕ್ಸನ್ನು ತೆರೆದು, ಹಳೆಯ ಕ್ಯಾಶ್‌ನಲ್ಲಿದ್ದ ಪ್ರಶ್ನೆಗಳನ್ನು ಅದರ ಮೇಲೆ ಓಡಿಸಿ ಬೆಚ್ಚಗಾಗಿಸುತ್ತಿತ್ತು. ಅಲ್ಲಿಯವರೆಗೂ ಹಳೆಯದೇ ಗ್ರಾಹಕರಿಗೆ ಉತ್ತರ ಕೊಡುತ್ತಿತ್ತು. ಯುನಿಕ್ಸ್‌ನ ಹಳೆಯ ಸಲಕರಣೆಗಳಿಂದಲೇ ಇಷ್ಟನ್ನು ಸಾಧಿಸಿದ್ದ ಆ ಸ್ಕ್ರಿಪ್ಟುಗಳನ್ನು ಓದಿಯೇ ನಾನು ಈ ಕಸುಬು ಕಲಿತೆ. 2009ರ ನವೆಂಬರಿನಲ್ಲಿ ಬಂದ 1.4ನೇ ಆವೃತ್ತಿ ಆ ಕೆಲಸವನ್ನು ಸೋಲರ್‌ನೊಳಕ್ಕೇ ಸೇರಿಸಿಕೊಂಡಿತು.

ಮರುವರ್ಷ, 2010ರ ಫೆಬ್ರವರಿಯಲ್ಲಿ, ಶೇ ಬ್ಯಾನನ್ ಇಲಾಸ್ಟಿಕ್‌ಸರ್ಚ್ ಎಂಬ ಇನ್ನೊಂದು ಹುಡುಕಾಟ ಸರ್ವರ್ ಬಿಡುಗಡೆ ಮಾಡಿದರು. ಇದರ ಹಿಂದೆ ಅವರದೇ ಕಂಪಸ್ ಎಂಬ ಯೋಜನೆಯಿತ್ತು. ಅಡುಗೆ ಕಲಿಯುತ್ತಿದ್ದ ಹೆಂಡತಿಗೆ ಪಾಕವಿಧಾನ ಹುಡುಕಿಕೊಡಲು ಹೊರಟ ಪ್ರಯತ್ನದಿಂದ ಹುಟ್ಟಿದ್ದು ಅದು. ಇಲಾಸ್ಟಿಕ್‌ಸರ್ಚ್‌ನಲ್ಲಿ ಯಂತ್ರಗಳು ತಾವೇ ಒಂದನ್ನೊಂದು ಹುಡುಕಿಕೊಂಡು ಇಂಡೆಕ್ಸಿನ ತುಂಡುಗಳನ್ನು ಹಂಚಿಕೊಳ್ಳುತ್ತಿದ್ದವು. ನೆಟ್‌ವರ್ಕ್ ಕಡಿದರೆ ಮಾತ್ರ ಎರಡು ಗುಂಪುಗಳೂ ತಮ್ಮ ತಮ್ಮ ಮುಂದಾಳು ಯಂತ್ರವನ್ನು, ಅಂದರೆ ಮಾಸ್ಟರನ್ನು, ಆರಿಸಿಕೊಂಡು ಬೇರೆಬೇರೆ ದಾಖಲೆ ಬರೆಯುವ ಅಪಾಯವಿತ್ತು. ಹಾಗಾಗದಂತೆ ತಡೆಯಲು, ಬಹುಮತಕ್ಕೆ ಎಷ್ಟು ಯಂತ್ರ ಬೇಕೆಂಬ ಸಂಖ್ಯೆಯನ್ನು ನಾವೇ ಸರಿಯಾಗಿ ಬರೆದಿಡಬೇಕಿತ್ತು. 2019ರಲ್ಲಿ 7.0 ಆ ಲೆಕ್ಕವನ್ನು ತಾನೇ ವಹಿಸಿಕೊಂಡಿತು.

ಇದಕ್ಕಿಂತ ದೊಡ್ಡ ಕೊರತೆ ಬೀಗದ್ದು. ಉಚಿತ ಆವೃತ್ತಿಯಲ್ಲಿ ಪಾಸ್‌ವರ್ಡ್ ವ್ಯವಸ್ಥೆಯೇ ಇರಲಿಲ್ಲ. 9200ನೇ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಟ್ಟವರ ಇಂಡೆಕ್ಸುಗಳನ್ನು 2017ರ ಜನವರಿಯಲ್ಲಿ ಸುಲಿಗೆಕೋರರು ಅಳಿಸಿ, ಹಣ ಕೇಳುವ ಚೀಟಿ ಬಿಟ್ಟುಹೋದರು. ಮೂಲ ದಾಖಲೆಗಳನ್ನು ಡೇಟಾಬೇಸಿನಲ್ಲಿಟ್ಟು, ಇಂಡೆಕ್ಸನ್ನು ಯಾವಾಗ ಬೇಕಾದರೂ ಮರಳಿ ಕಟ್ಟಬಲ್ಲ ನಕಲೆಂದು ನಡೆಸಿಕೊಂಡು ಬಂದವರು ಮತ್ತೆ ಕಟ್ಟಿಕೊಂಡರು. ಇಲಾಸ್ಟಿಕ್‌ಸರ್ಚನ್ನೇ ಏಕೈಕ ಭಂಡಾರ ಮಾಡಿಕೊಂಡು ಬ್ಯಾಕಪ್ಪೂ ಇಡದವರಿಗೆ ಆ ದಾರಿಯಿರಲಿಲ್ಲ. ಮೂಲಭೂತ ಭದ್ರತೆ ಉಚಿತವಾದದ್ದು 2019ರ ಮೇ ತಿಂಗಳಲ್ಲಿ. ಸ್ಥಾಪಿಸಿದ ಕೂಡಲೇ ತಾನಾಗಿ ಜಾರಿಯಲ್ಲಿರುವಂತಾದದ್ದು 2022ರ ಫೆಬ್ರವರಿಯ 8.0ರಲ್ಲಿ. ಮೊದಲ ಬಿಡುಗಡೆಯಿಂದ 12 ವರ್ಷ. ಇಷ್ಟು ತಡವಾಗಬಾರದಿತ್ತು.